ಸೊಂಟ ತೋರಿಸೋಕೆ ಹೋದೆ, ಹೆಬ್ಬೆರಳು ನೋಡಿದರು

ಅಮೆರಿಕಾದಲ್ಲಿ ಸಾಮಾನು ತರೋಕೆ ಹೋದಾಗ ಮಾತ್ರ ನನಗೆ ಸೊಂಟ ನೋಯುತ್ತಿರಲಿಲ್ಲ. ಮನೆಯಿಂದ ಪಾರ್ಕಿಗೆ ಹೊರಟರೆ ಅರ್ಧ ದಾರಿಗೇ ತೊಡೆ ಭಾರ, ಮೀನಖಂಡದಲ್ಲಿ ಜೋಮು. ಎಲ್ಲಾದರೂ ಕೂತರೆ ಸಾಕಪ್ಪಾ ಅನ್ನಿಸುತ್ತಿತ್ತು. ಅದೇ ಆ ದೊಡ್ಡ ಅಂಗಡಿಯೊಳಗೆ ತಳ್ಳುಗಾಡಿಯ ಹಿಡಿಯ ಮೇಲೆ ಮೊಣಕೈ ಊರಿಕೊಂಡು ಎಷ್ಟು ಹೊತ್ತು ಬೇಕಾದರೂ ಸುತ್ತುತ್ತಿದ್ದೆ. "ಅತ್ತೆ, ಶಾಪಿಂಗ್ ಅಂದ್ರೆ ನಿಮಗೆ ನೋವೆಲ್ಲಾ ಮಾಯ, ಅಲ್ವಾ?" ಅಂತ ಸೊಸೆ ನಗುತ್ತಿದ್ದಳು.

ಮಗ ಮೊಲೀನ್‌ನಲ್ಲಿ ಟ್ರ್ಯಾಕ್ಟರ್ ಕಂಪನಿಯ ಎಂಜಿನಿಯರ್. ಇಲಿನಾಯ್ ರಾಜ್ಯದ ಅಂಚಿನ ಊರು ಅದು. ಮಿಸಿಸಿಪ್ಪಿ ನದಿ ದಾಟಿದರೆ ಅಯೋವಾ ರಾಜ್ಯ, ಅಲ್ಲಿ ಡೆವನ್‌ಪೋರ್ಟ್. ಬೆನ್ನೆಲುಬು, ಕೀಲುಗಳನ್ನು ಕೈಯಿಂದ ಒತ್ತಿ ಸರಿಪಡಿಸುವ ಕೈರೋಪ್ರ್ಯಾಕ್ಟಿಕ್ ಅನ್ನುವ ಚಿಕಿತ್ಸೆ ಹುಟ್ಟಿದ್ದೇ ಆ ಊರಲ್ಲಿ. 1895ರಲ್ಲಿ ಡಿ.ಡಿ. ಪಾಮರ್ ಅನ್ನುವವನು, ತನ್ನ ಆಫೀಸಿದ್ದ ಕಟ್ಟಡದಲ್ಲಿ ಗುಡಿಸಿ ಒರೆಸುವ ಕೆಲಸಕ್ಕಿದ್ದ ಹಾರ್ವಿ ಲಿಲ್ಲಾರ್ಡ್‌ನ ಬೆನ್ನೆಲುಬು ಒತ್ತಿ ಸರಿ ಮಾಡಿದನಂತೆ. ಲಿಲ್ಲಾರ್ಡ್‌ಗೆ ಮಂದವಾಗಿದ್ದ ಕಿವಿ ಚೆನ್ನಾಗಿ ಕೇಳಿಸತೊಡಗಿತಂತೆ. ಈ 'ಅಂತೆ'ಗಳನ್ನು ನಾನು ಬೇಕೆಂದೇ ಹಾಕಿದ್ದೇನೆ. ಬೆನ್ನು ಒತ್ತಿದರೆ ಕಿವಿ ಬರುತ್ತದೆ ಅಂದರೆ ಮನಸ್ಸು ಒಪ್ಪಬೇಕಲ್ಲ! ಪಾಮರ್ 1897ರಲ್ಲಿ ಶುರು ಮಾಡಿದ ಶಾಲೆ ಈಗ ಬ್ರೇಡಿ ಸ್ಟ್ರೀಟಿನ ಏರಿನಲ್ಲಿ ದೊಡ್ಡ ಕಾಲೇಜಾಗಿದೆ. ಅವನ ಮಗ ಬಿ.ಜೆ. ಪಾಮರ್ ರೇಡಿಯೋ ಸ್ಟೇಷನ್ನನ್ನೂ ನಡೆಸಿದ. ಮುಂದೆ ಅಧ್ಯಕ್ಷರಾದ ರೊನಾಲ್ಡ್ ರೇಗನ್ 1932ರಲ್ಲಿ ಆಟದ ವಿವರಣೆ ಹೇಳುವ ಕೆಲಸಕ್ಕೆ ಸೇರಿದ್ದು ಅಲ್ಲೇ. ಇದು ಗೊತ್ತಾದ ಮೇಲೆ ನಮ್ಮನೆಯವರು ಹಾಸನದಿಂದ ಯಾರು ಫೋನ್ ಮಾಡಿದರೂ ಮೊದಲು ರೇಗನ್ ವಿಷಯ, ಆಮೇಲೆ ನನ್ನ ಸೊಂಟದ ವಿಷಯ.

ನನ್ನ ಸೊಂಟದ ಚರಿತ್ರೆ ದೊಡ್ಡದೇನಲ್ಲ. ಕೆಇಬಿ ಬಿಲ್ ಕೌಂಟರಿನಲ್ಲಿ ಕೂತು ಕೂತು ಸರ್ವಿಸ್ ಮುಗಿಸಿದವಳು ನಾನು. ನಿವೃತ್ತಿಯಾದ ಮೇಲೆ ನೋವು ಜಾಸ್ತಿಯಾಯಿತು. ಹಾಸನದಲ್ಲಿ ಎಂಆರ್‌ಐ ಮಾಡಿಸಿ, ಬೆನ್ನೆಲುಬಿನೊಳಗೆ ನರ ಹೋಗುವ ದಾರಿ ಕಿರಿದಾಗಿದೆ, ವಯಸ್ಸಾದವರಿಗೆ ಇದು ಸಾಮಾನ್ಯ ಅಂದಿದ್ದರು. ಬೆಲ್ಟು, ಮಾತ್ರೆ, ತೀರಾ ಆಗದಿದ್ದರೆ ಆಪರೇಷನ್.

ಕೈಯಿಂದ ಒತ್ತಿ ವಾಸಿ ಮಾಡುವುದು ಅಂದರೆ ನಮಗೇನೂ ಹೊಸದಲ್ಲ. ಅರಕಲಗೂಡಿನ ಹತ್ತಿರದ ನಮ್ಮೂರಲ್ಲಿ ಸೊಂಟ ಉಳುಕಿದರೆ ಕಾಲು ಮುಂದಾಗಿ ಹುಟ್ಟಿದವರನ್ನು ಹುಡುಕಿಕೊಂಡು ಹೋಗುತ್ತಿದ್ದರು. ಅವರು ಕಾಲಿಂದ ಮೆಲ್ಲಗೆ ಒದ್ದರೆ ಉಳುಕು ಬಿಟ್ಟುಹೋಗುತ್ತದೆ ಅಂತ ನಂಬಿಕೆ. ನನ್ನ ದೊಡ್ಡಪ್ಪನ ಮಗಳು ಹಾಗೆ ಹುಟ್ಟಿದವಳು. ಪಾಪ, ನಾಟಿ ಸಮಯದಲ್ಲಿ ಅವಳಿಗೆ ಬಿಡುವೇ ಇರುತ್ತಿರಲಿಲ್ಲ. ಕ್ಷೌರದ ಅಂಗಡಿಯಲ್ಲಿ ಕತ್ತಿನ ನೆಟಿಗೆ ತೆಗೆಸಿಕೊಳ್ಳುವ ಗಂಡಸರೂ ಇದ್ದರು. ಅದನ್ನು ಮಾತ್ರ ಯಾರೂ ಮಾಡಿಸಿಕೊಳ್ಳಬೇಡಿ. ಕತ್ತನ್ನು ಫಟ್ಟಂತ ತಿರುಗಿಸಿದಾಗ ಮೆದುಳಿಗೆ ರಕ್ತ ಒಯ್ಯುವ ನಾಳ ಹರಿದು ಪಾರ್ಶ್ವವಾಯು ಆಗಿರುವುದುಂಟು. ಅಪರೂಪ ನಿಜ, ಆದರೆ ಆಗಿದೆ.

ಕೈರೋಪ್ರ್ಯಾಕ್ಟಿಕ್ ಡಾಕ್ಟರಿಗೆ ತೋರಿಸೋಣ ಅಂದ ಮಗ. ಯೂಟ್ಯೂಬಿನಲ್ಲಿ ಅದರ ಲಟಲಟ ಸದ್ದಿನ ವಿಡಿಯೋಗಳನ್ನು ನೋಡಿದ್ದ ನಾನು "ನನ್ನ ಮೂಳೆ ಮುರಿಸ್ತೀಯಾ?" ಅಂತ ಮಗನಿಗೆ ಕೇಳಿದೆ. "ಅಮ್ಮ, ವಯಸ್ಸಾದವರಿಗೆ ಬೇರೆ ಥರ ಇರುತ್ತೆ. ಸುಮ್ನೆ ಮಾತಾಡಿಕೊಂಡು ಬರೋಣ, ಬೇಡ ಅನ್ನಿಸಿದರೆ ಬೇಡ" ಅಂದ. ಹೋದೆವು.

ಅಲ್ಲಿ ಮೊದಲು ಸಿಕ್ಕಿದ್ದು ಕೈಯಲ್ಲ, ಕಾಗದ. ಪುಟಗಟ್ಟಲೆ ಪ್ರಶ್ನೆ. ಕಳೆದ ವರ್ಷದಲ್ಲಿ ಬಿದ್ದಿದ್ದೀರಾ? ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ತೀರಾ? ಕಾರಣವಿಲ್ಲದೆ ತೂಕ ಇಳಿದಿದೆಯಾ? ಮೂತ್ರ ಹಿಡಿದುಕೊಳ್ಳೋಕೆ ಆಗದೆ ಹೋಗಿದೆಯಾ, ಕೂರುವ ಜಾಗದಲ್ಲಿ ಸ್ಪರ್ಶ ಕಡಿಮೆಯಾಗಿದೆಯಾ? ಈ ಕೊನೆಯದಕ್ಕೆ ಬಂದಾಗ ಕನ್ನಡದಲ್ಲಿ ಹೇಳುತ್ತಿದ್ದ ಮಗ ಯಾವುದೋ ಫೋನ್ ಬಂತು ಅಂತ ಎದ್ದು ಹೋದ. ಸೊಸೆ ಕೂತು ಮುಗಿಸಿದಳು. ನಾಚಿಕೆಯ ಪ್ರಶ್ನೆ ಅಂತ ಬಿಡುವ ಹಾಗಿಲ್ಲ. ಆ ಥರ ಆಗಿದ್ದರೆ ನರ ಜೋರಾಗಿ ಅದುಮಿಕೊಂಡಿದೆ ಅಂತ ಅರ್ಥ ಇರಬಹುದು. ಆಗ ಹೋಗಬೇಕಾದ್ದು ಆಸ್ಪತ್ರೆಗೆ, ಅದೂ ಅವತ್ತೇ.

ಡಾಕ್ಟರು ನನ್ನ ಮಗಳಷ್ಟು ವಯಸ್ಸಿನ ಹೆಂಗಸು. ನನ್ನ ಮೂಳೆ ಸಾಂದ್ರತೆಯ ಸ್ಕ್ಯಾನ್ ರಿಪೋರ್ಟ್ ಕೇಳಿದರು. ಮೊಬೈಲಿನಲ್ಲಿತ್ತು, ಮೈನಸ್ 2.6. ಮೈನಸ್ 2.5ಕ್ಕೆ ಇಳಿಯಿತು ಅಂದರೆ ಮೂಳೆ ಸವೆತದ ಲೆಕ್ಕಕ್ಕೆ ಬಂತು. "ಹಾಗಾದರೆ ನಿಮಗೆ ಸದ್ದು ಬರುವ ಯಾವುದೂ ಇಲ್ಲ, ಕತ್ತನ್ನು ಮುಟ್ಟುವುದೂ ಇಲ್ಲ" ಅಂದರು. ನನಗೆ ಅರ್ಧ ಭಯ ಅಲ್ಲೇ ಹೋಯಿತು.

ಆಮೇಲೆ ತಳ್ಳುಗಾಡಿಯ ವಿಷಯ ಸೊಸೆ ತಮಾಷೆಗೆ ಹೇಳಿದಳು. ಡಾಕ್ಟರು ನಗಲಿಲ್ಲ, ಬರೆದುಕೊಂಡರು. ಮುಂದಕ್ಕೆ ಬಾಗಿದಾಗ ಬೆನ್ನೆಲುಬಿನೊಳಗಿನ ದಾರಿ ಸ್ವಲ್ಪ ಅಗಲವಾಗುತ್ತದಂತೆ, ನರದ ಮೇಲಿನ ಒತ್ತಡ ಇಳಿಯುತ್ತದಂತೆ. ನೆಟ್ಟಗೆ ನಿಂತರೆ ಮತ್ತೆ ಬಿಗಿ. ನನಗೆ ಶಾಪಿಂಗ್ ಹುಚ್ಚಿಲ್ಲ ಅಂತ ಕೊನೆಗೂ ರುಜುವಾತಾಯಿತು.

ಚಿಕಿತ್ಸೆಯ ಮೇಜು ಸೊಂಟದ ಹತ್ತಿರ ಎರಡು ಭಾಗ. ಬೋರಲು ಮಲಗಬೇಕು, ಮುಖಕ್ಕೊಂದು ಕಿಂಡಿ. ಒಂದು ಕೈ ಬೆನ್ನ ಮೇಲೆ ಇಟ್ಟು ಇನ್ನೊಂದು ಕೈಯಿಂದ ನಮ್ಮ ಕಾಲಿರುವ ಕಡೆಯ ಭಾಗವನ್ನು ಇಷ್ಟಿಷ್ಟೇ ತಗ್ಗಿಸುತ್ತಾರೆ, ಮೇಲೆತ್ತುತ್ತಾರೆ. ತೊಟ್ಟಿಲು ತೂಗಿದಷ್ಟೇ ಜೋರು. ನಿದ್ದೆ ಬರುತ್ತಿತ್ತು. ಸೊಂಟದ ಕೀಲುಗಳ ಹತ್ತಿರ, ಅಂಗೈಯಲ್ಲಿ ಹಿಡಿಯುವ ಸ್ಪ್ರಿಂಗಿನ ಸಾಧನವೊಂದನ್ನು ಇಟ್ಟು ಟಿಕ್ ಅನ್ನಿಸುತ್ತಿದ್ದರು, ಅಷ್ಟೇ. ಕೆಲವು ವಾರ ಹೋಗಿಬಂದೆ. ನೋವು ಪೂರ್ತಿ ಹೋಗಲಿಲ್ಲ, ಆದರೆ ಪಾರ್ಕಿನ ದಾರಿ ಕೂರದೆ ಮುಟ್ಟುವ ಹಾಗಾಯಿತು. ಇದು ಬರೀ ಮನಸ್ಸಿನ ಸಮಾಧಾನ ಅನ್ನುವವರಿಗೆ ಒಂದು ಮಾತು. 2017ರಲ್ಲಿ ಅಮೆರಿಕಾದ ವೈದ್ಯರ ಸಂಘವೇ, ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್, ಸೊಂಟ ನೋವಿಗೆ ಮೊದಲು ಮಾತ್ರೆಯಿಲ್ಲದ ದಾರಿ ನೋಡಿ ಅಂತ ಸಲಹೆ ಕೊಟ್ಟಿದೆ. ವ್ಯಾಯಾಮ, ಯೋಗ, ತಾಯ್ ಚಿ ಜೊತೆಗೆ ಬೆನ್ನೆಲುಬನ್ನು ಕೈಯಿಂದ ಸರಿಪಡಿಸುವುದೂ ಆ ಪಟ್ಟಿಯಲ್ಲಿದೆ. ಪಟ್ಟಿಯಲ್ಲಿ ಇದೊಂದೇ ಇಲ್ಲ ಅನ್ನುವುದನ್ನೂ ಗಮನಿಸಿ.

ಇನ್ನು ನನಗೆ ನಿಜವಾಗಿ ಉಪಕಾರವಾದ ಸಂಗತಿ. ಸ್ನಾನ ಮಾಡುವಾಗ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದರೆ ನಾನು ವಾಲುತ್ತಿದ್ದೆ. ನಲ್ಲಿ ಹಿಡಿದುಕೊಂಡೇ ಮುಖ ತೊಳೆಯುವುದು ಅಭ್ಯಾಸವಾಗಿತ್ತು. ಸೊಂಟದ ತೊಂದರೆಯಿಂದಲೇ ಇರಬೇಕು, ಇದನ್ನೂ ಒತ್ತಿ ಸರಿ ಮಾಡಿ ಅಂತ ಕೇಳಿದೆ.

ಅವರು ಒತ್ತಲಿಲ್ಲ. ಕುರ್ಚಿಯಿಂದ ಎದ್ದು ಮೂರು ಮೀಟರ್ ನಡೆದು ತಿರುಗಿ ಬಂದು ಕೂರಿ ಅಂದರು, ಗಡಿಯಾರ ಹಿಡಿದರು. ಅದಕ್ಕೆ 12 ಸೆಕೆಂಡು ಅಥವಾ ಜಾಸ್ತಿ ಹಿಡಿದರೆ ಬೀಳುವ ಅಪಾಯ ಇದೆ ಅಂತ ಲೆಕ್ಕ. ನನಗೆ ಜಾಸ್ತಿಯೇ ಹಿಡಿಯಿತು. ಒಂದು ಪಾದದ ಮುಂದೆ ಇನ್ನೊಂದು ಪಾದ ತಾಗಿಸಿ 10 ಸೆಕೆಂಡು ನಿಲ್ಲಿ ಅಂದರು. ಅದೂ ಆಗಲಿಲ್ಲ. ಆಮೇಲೆ ಚಪ್ಪಲಿ, ಕಾಲುಚೀಲ ಬಿಚ್ಚಿಸಿ ಒಂದು ಶ್ರುತಿಕವೆ ತಂದರು. ಹೈಸ್ಕೂಲು ಲ್ಯಾಬಿನಲ್ಲಿ ಇರುತ್ತಲ್ಲ, ಅದೇ. ಅಂಗೈಗೆ ಬಡಿದು ಅದರ ಬುಡವನ್ನು ನನ್ನ ಕಾಲಿನ ಹೆಬ್ಬೆರಳಿನ ಗಂಟಿನ ಮೇಲಿಟ್ಟು, ಕಂಪನ ನಿಂತ ಕೂಡಲೇ ಹೇಳಿ ಅಂದರು. ಸ್ವಲ್ಪದರಲ್ಲೇ "ನಿಂತಿತು" ಅಂದೆ. ಅದನ್ನೇ ತೆಗೆದು ನನ್ನ ಕೈಬೆರಳಿನ ಗಂಟಿಗೆ ಇಟ್ಟರು. ಇನ್ನೂ ಗುಂಯ್ ಅನ್ನುತ್ತಿತ್ತು! ನನಗೆ ಮೈ ಜುಂ ಅಂತು. ನನ್ನ ಕಾಲು ನನಗೇ ಸುಳ್ಳು ಹೇಳುತ್ತಿತ್ತು.

ಕಣ್ಣು, ಒಳಗಿವಿ, ಪಾದದ ಸ್ಪರ್ಶ, ಈ ಮೂರೂ ಸೇರಿ ನಮ್ಮನ್ನು ನಿಲ್ಲಿಸುತ್ತವೆ. ಪಾದ ಕೈಕೊಟ್ಟಿದ್ದನ್ನು ನನ್ನ ಕಣ್ಣು ಸರಿದೂಗಿಸುತ್ತಿತ್ತು. ಸೋಪಿಗೆ ಕಣ್ಣು ಮುಚ್ಚಿದ ತಕ್ಷಣ ಗುಟ್ಟು ರಟ್ಟು. "ಇದು ನನ್ನ ಮೇಜಿನ ಮೇಲೆ ಸರಿಹೋಗುವುದಲ್ಲ. ಎಷ್ಟು ವರ್ಷದಿಂದ ಮೆಟ್‌ಫಾರ್ಮಿನ್ ತಗೊಳ್ತಿದೀರಿ? ಮಾಂಸ ತಿನ್ತೀರಾ?" ಅಂತ ಕೇಳಿ ಬಿ12 ವಿಟಮಿನ್ ಪರೀಕ್ಷೆ ಮಾಡಿಸೋಕೆ ಚೀಟಿಯಲ್ಲಿ ಬರೆದು ಕೊಟ್ಟರು. ಸಕ್ಕರೆ ಕಾಯಿಲೆಯೂ ನರ ಹಾಳು ಮಾಡುತ್ತದೆ, ಅದರ ಮಾತ್ರೆಯಾದ ಈ ಮೆಟ್‌ಫಾರ್ಮಿನ್ ಬಹಳ ವರ್ಷ ತಗೊಂಡರೆ ನರಕ್ಕೆ ಬೇಕಾದ ಬಿ12 ಕಡಿಮೆಯಾಗಬಹುದು. ಜೊತೆಗೆ ನಾನು ಸೊಪ್ಪು ಸಾರಿನವಳು. ಹಾಸನಕ್ಕೆ ಬಂದ ಮೇಲೆ ನೋಡಿಸಿದರೆ ಬಿ12 ನೆಲ ಕಚ್ಚಿತ್ತು. ಈಗ ಇಂಜೆಕ್ಷನ್ ನಡೆಯುತ್ತಿದೆ.

ತನ್ನ ಕೈಲಾಗದ್ದನ್ನು ಆಗಲ್ಲ ಅಂದರಲ್ಲ, ಆ ಡಾಕ್ಟರ ಮೇಲೆ ನನಗೆ ಗೌರವ ಬಂದದ್ದು ಅದಕ್ಕೇ. ಎಲ್ಲರೂ ಹೀಗಿರುವುದಿಲ್ಲ. ಇಲ್ಲಿಗೆ ಬಂದ ಮೇಲೆ ಬೆಂಗಳೂರಿನಲ್ಲಿ ಒಂದು ಕಡೆ ವಿಚಾರಿಸಿದೆ. ರಿಪೋರ್ಟ್ ನೋಡುವ ಮೊದಲೇ ಪ್ಯಾಕೇಜಿನ ದರ ಹೇಳಿದರು, ಪೂರ್ತಿ ದುಡ್ಡು ಮುಂಗಡ. ನಮಸ್ಕಾರ ಹೇಳಿ ಬಂದೆ. ಈಗ ಹಾಸನದಲ್ಲೇ ಒಬ್ಬ ಫಿಸಿಯೋಥೆರಪಿ ಹುಡುಗ ಸಿಕ್ಕಿದ್ದಾನೆ. ನ್ಯೂಜಿಲೆಂಡಿನಲ್ಲಿ ವಯಸ್ಸಾದವರಿಗಾಗಿಯೇ ರೂಪಿಸಿದ ಒಟಾಗೊ ಅನ್ನುವ ವ್ಯಾಯಾಮಗಳಿವೆ, ಅದನ್ನು ಹೇಳಿಕೊಡುತ್ತಾನೆ. ಕಾಲಿಗೆ ಬಲ ಬರುವಂಥವು, ಸಮತೋಲ ಹಿಡಿಯುವಂಥವು. ಮಾಡಿದವರು ಬೀಳುವುದು ಕಡಿಮೆಯಾಗಿದೆ ಅಂತ ಪರೀಕ್ಷಿಸಿ ನೋಡಿದ್ದಾರೆ. ಬೆಳಿಗ್ಗೆ ಹಾಲು ಕಾಯುವಷ್ಟರಲ್ಲಿ ಅಡುಗೆಮನೆ ಕಟ್ಟೆ ಹಿಡಿದು ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸಿಕೊಂಡು ನಡೆಯುತ್ತೇನೆ. ನಮ್ಮನೆಯವರು ಇದೇನು ಮಹಾ ಅಂತ ಕಟ್ಟೆ ಹಿಡಿಯದೆ ನಡೆಯಲು ಹೋಗಿ ಫ್ರಿಜ್ ಹಿಡಿದುಕೊಂಡರು. ಈಗ ಅವರಿಗೂ ಬಿ12 ಬರೆಸಿದ್ದೇನೆ, ಶನಿವಾರ ರಿಪೋರ್ಟ್ ಬರುತ್ತದೆ.