ಸೆಲ್ಕರ್ಕ್‌ನಲ್ಲಿ ನಮ್ಮನೆಯ ಚೌಕಳಿ

ಅಕ್ಕನ ಮಗಳು ಎಡಿನ್‌ಬರೋದ ಹುಡುಗನನ್ನು ಮದುವೆಯಾಗುತ್ತಿದ್ದಾಳೆ. ಎರಡೂ ಮನೆಗೆ ಸೇರಿ ಒಂದು ಹೊಸ ಟಾರ್ಟನ್, ಅಂದರೆ ಸ್ಕಾಟ್‌ಲೆಂಡ್‌ನ ಚೌಕಳಿ ಬಟ್ಟೆ, ಮಾಡಿಸಬೇಕು ಅಂತ ಇಬ್ಬರಿಗೂ ಆಸೆ. ಬಣ್ಣ ಆರಿಸೋಕೆ ನನ್ನನ್ನೂ ಕರೆದರು. ಧಾರವಾಡದಿಂದ ಹೊರಡುವಾಗ ಅವ್ವನ ಇಳಕಲ್ ಸೀರೆಯನ್ನು ಚೀಲಕ್ಕೆ ಹಾಕಿಕೊಂಡೆ.

ಮೊದಲ ದಿನ ಎಡಿನ್‌ಬರೋದ ನ್ಯಾಷನಲ್ ಮ್ಯೂಸಿಯಂಗೆ ಹೋದೆವು. ಫಾಲ್‌ಕರ್ಕ್‌ನಲ್ಲಿ ಸಿಕ್ಕ ಬಟ್ಟೆಯ ಚೂರೊಂದು ಅಲ್ಲಿದೆ. ಮೂರನೇ ಶತಮಾನದ್ದು. ರೋಮನ್ ನಾಣ್ಯ ತುಂಬಿದ ಮಡಕೆಯ ಬಾಯಿಗೆ ತುರುಕಿದ್ದರಂತೆ. ಅದಕ್ಕೆ ಬಣ್ಣವನ್ನೇ ಹಾಕಿಲ್ಲ. ಕುರಿಯ ಉಣ್ಣೆಯ ಕಂದು, ಬಿಳಿ ಅಷ್ಟೇ. ಆದರೂ ಚೌಕಳಿ ಎದ್ದು ಕಾಣುತ್ತದೆ. ನಾನು ಅಲ್ಲಿಂದ ಬೇಗ ಕದಲಲಿಲ್ಲ.

ಈ ಮನೆತನಕ್ಕೆ ಇದೇ ಟಾರ್ಟನ್ ಅನ್ನೋ ಪದ್ಧತಿ ಮಾತ್ರ ಅಷ್ಟು ಹಳೆಯದಲ್ಲ. 1746ರ ಕಾಯ್ದೆ ಹೈಲ್ಯಾಂಡ್, ಅಂದರೆ ಸ್ಕಾಟ್‌ಲೆಂಡ್‌ನ ಗುಡ್ಡಗಾಡಿನ, ಗಂಡಸರ ಉಡುಪನ್ನೇ ನಿಷೇಧಿಸಿತ್ತು. 1782ರಲ್ಲಿ ಅದು ರದ್ದಾಯಿತು. 1822ರಲ್ಲಿ ರಾಜ ನಾಲ್ಕನೇ ಜಾರ್ಜ್ ಎಡಿನ್‌ಬರೋಗೆ ಬಂದ ಮೇಲೆ ಮನೆತನಗಳು ತಮ್ಮದೊಂದು ಬೇಕು ಅಂತ ಹುಡುಕಾಡಿದವು. ಹಾಗಿದ್ದ ಮೇಲೆ ನಾವು ಹೊಸದು ಮಾಡಿಸಿದರೆ ತಪ್ಪೇನು, ಅಲ್ವಾ?

ಮರುದಿನ ರೈಲಿನಲ್ಲಿ ಗ್ಯಾಲಶೀಲ್ಸ್, ಅಲ್ಲಿಂದ ಬಸ್ಸಲ್ಲಿ ಸೆಲ್ಕರ್ಕ್. ನೇಯ್ಗೆ ಗಿರಣಿಯಲ್ಲಿ ವಿನ್ಯಾಸ ಮಾಡುವ ಹೆಂಗಸು ಬಣ್ಣದ ಅರ್ಥ ಕೇಳಿದರು. ನಮ್ಮ ಎರೆಹೊಲದ ಕಪ್ಪು. ಇಳಕಲ್ ಸೆರಗಿನ ಕೆಂಪು. ಹುಡುಗನ ಅಜ್ಜ ಮೀನು ಹಿಡಿಯುತ್ತಿದ್ದ ಫೈಫ್ ಕಡಲಿನ ನೀಲಿ. ಗುಡ್ಡದ ಮೇಲೆ ಅರಳುವ ಹೆದರ್ ಹೂವಿನ ತಿಳಿನೇರಳೆ. "ಸರಿ, ಯಾವುದು ಎಷ್ಟು ಎಳೆ?" ಅಂದರು. ನಿಜವಾದ ಕೆಲಸ ಶುರುವಾದದ್ದು ಆಗಲೇ.

ಉದ್ದದ ಹಾಸಿನಲ್ಲಿ ಎಳೆಗಳು ಯಾವ ಲೆಕ್ಕದಲ್ಲಿವೆಯೋ ಅಡ್ಡದ ಹೊಕ್ಕಿನಲ್ಲೂ ಅದೇ ಲೆಕ್ಕ. ಎಳೆ ಎರಡರ ಮೇಲೆ, ಎರಡರ ಕೆಳಗೆ ಹಾಯುತ್ತದೆ. ಒಂದೇ ಬಣ್ಣ ಕೂಡಿದಲ್ಲಿ ಅದು ಅಚ್ಚ. ಬೇರೆ ಬಣ್ಣ ಕೂಡಿದಲ್ಲಿ ಅರ್ಧರ್ಧ ಬೆರೆತು ಹೊಸ ಛಾಯೆ. ನಾಲ್ಕು ಬಣ್ಣ ಕೊಟ್ಟರೆ ಬಟ್ಟೆಯಲ್ಲಿ ಹತ್ತು ಕಾಣುತ್ತವೆ! ನಾವು ಮೊದಲು ಕೆಂಪನ್ನು ಅಗಲವಾಗಿ ಇಟ್ಟೆವು. ಕಂಪ್ಯೂಟರ್ ಪರದೆಯ ಮೇಲೆ ಅದು ಉಳಿದೆಲ್ಲವನ್ನೂ ನುಂಗಿತು. ಇಳಿಸುತ್ತಾ ಇಳಿಸುತ್ತಾ ನಾಲ್ಕೇ ಎಳೆಗೆ ತಂದಾಗ ಹಣೆಯ ಕುಂಕುಮದ ಗೆರೆಯ ಹಾಗೆ ಹೊಳೆಯಿತು. "ಚಿಗವ್ವಾ, ಕರಿ ಎಳಿ ಜಾಸ್ತಿ ಆತೇನ?" ಅಂದಳು ಮಗಳು. ಇರಲಿ ಅಂದೆ. ನಮ್ಮ ನೆಲ ಹಾಗೇ ಇರೋದು.

ಸ್ಕಾಟ್‌ಲೆಂಡ್‌ನಲ್ಲಿ ಟಾರ್ಟನ್‌ಗೆ ಸರ್ಕಾರದ್ದೇ ನೋಂದಣಿ ಇದೆ. 2008ರ ಕಾಯ್ದೆಯಿಂದ ಬಂದದ್ದು. ಆಗಲೇ ಇರುವ ವಿನ್ಯಾಸಗಳಿಗಿಂತ ನಮ್ಮದು ಬೇರೆಯಾಗಿರಬೇಕು. ಎಳೆಗಳ ಲೆಕ್ಕವನ್ನೂ ಕೊಡಬೇಕು.

ನಾನು ವಾಪಸ್ ಹೊರಡುವ ಎರಡು ದಿನ ಮೊದಲು ನೇಯ್ದ ತುಂಡು ಬಂತು. ಕಿಟಕಿಯ ಬೆಳಕಿಗೆ ಹಿಡಿದೆವು. ಹೆದರ್ ಮತ್ತು ಕಪ್ಪು ಕೂಡಿದ ಕಡೆ ಮಾಗಿದ ನೇರಳೆ ಹಣ್ಣಿನ ಬಣ್ಣ. ನಾವು ಅದನ್ನು ಕೇಳಿರಲೇ ಇಲ್ಲ. ಅವ್ವನ ಹಿತ್ತಲಲ್ಲಿ ಒಂದು ನೇರಳೆ ಮರವಿತ್ತು ಅಂತ ಹೇಳಿದೆ. ಮಗಳು ಅರ್ಜಿ ತೆಗೆದು, ಬಣ್ಣಗಳ ಅರ್ಥ ಬರೆದಿದ್ದ ಕಡೆ ಆ ಮರವನ್ನೂ ಸೇರಿಸಿದಳು.