‘ಇದು ನಿಜವಾಗಿ ನಡೆದದ್ದಾ?’ ಎಂದು ಕೇಳುವವರಿಗೆ

ನನ್ನನ್ನು ಕಥೆಗಾರನೆಂದು ಗುರುತಿಸುವವರು ದಾವಣಗೆರೆಯಲ್ಲಿ ಮೂವತ್ತು ನಲವತ್ತು ಮಂದಿಯಾದರೂ ಇದ್ದಾರೆ, ಅವರಲ್ಲಿ ಒಬ್ಬರೂ ತಪ್ಪದೆ ಕೇಳಿರುವ ಪ್ರಶ್ನೆ ಒಂದೇ: ‘ಇದು ನಿಜವಾಗಿ ನಡೆದದ್ದಾ?’ ಮದುವೆ ಮಂಟಪದಲ್ಲಿ ಕೈ ತೊಳೆಯುವ ನಲ್ಲಿಯ ಮುಂದೆ ಕೇಳಿದ್ದಾರೆ, ಬೆಣ್ಣೆದೋಸೆಯ ಹೋಟೆಲಿನಲ್ಲಿ ನನ್ನ ಬಾಯಿ ತುಂಬಿರುವ ಗಳಿಗೆಯನ್ನೇ ಆರಿಸಿಕೊಂಡು ಕೇಳಿದ್ದಾರೆ, ಅಶೋಕ ರಸ್ತೆಯ ರೈಲ್ವೆ ಗೇಟು ಬಿದ್ದು ಎಲ್ಲರೂ ಬಿಸಿಲಿನಲ್ಲಿ ನಿಂತಿದ್ದಾಗ ಪಕ್ಕದ ಸ್ಕೂಟರಿನಿಂದ ಬಾಗಿ ಕೇಳಿದವರೂ ಇದ್ದಾರೆ. ಗೇಟು ಏಳುವಷ್ಟರಲ್ಲಿ ಕೊಟ್ಟು ಮುಗಿಸಬಹುದಾದ ಉತ್ತರ ನನ್ನ ಬಳಿ ಎಂದೂ ಇರಲಿಲ್ಲ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿರುವುದರಿಂದ ಈಗ ಬರೆದಿಡುತ್ತಿದ್ದೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನು ಓದಲು ಹೇಳುತ್ತೇನೆ, ಓದದಿದ್ದರೆ ಅದು ಅವರ ಹಣೆಬರಹ.

ಮೊದಲು ಪ್ರಶ್ನೆ ಕೇಳುವ ರೀತಿಯ ಬಗ್ಗೆಯೇ ನನ್ನ ತಕರಾರಿದೆ. ‘ನಡೆದದ್ದಾ’ ಎಂದು ಕೇಳುವವರು ನಾನು ಹೌದೆಂದರೆ, ಹಾಗಾದರೆ ಇದರಲ್ಲಿ ನಿಮ್ಮದೇನಿದೆ, ಕಂಡದ್ದನ್ನು ಬರೆದುಕೊಂಡಿದ್ದೀರಿ ಎಂಬಂತೆ ತಲೆಯಾಡಿಸುತ್ತಾರೆ. ಇಲ್ಲವೆಂದರೆ, ತೂಕದಲ್ಲಿ ಮೋಸ ಹೋದ ಗಿರಾಕಿಯ ಹಾಗೆ ನೋಡುತ್ತಾರೆ. ಇದಕ್ಕಿಂತ ಕಿರಿಕಿರಿಯೆಂದರೆ ‘ಅದು ನಿಮ್ಮ ಮನೆಯವರೇ ತಾನೇ?’ ಎಂದು ಕಣ್ಣು ಮಿಟುಕಿಸುವವರದು. ನನ್ನ ಒಂದು ಕಥೆಯಲ್ಲಿ ಜಿಪುಣ ಸೋದರಮಾವನೊಬ್ಬ ಬರುತ್ತಾನೆ. ನನಗೆ ಸೋದರಮಾವಂದಿರೇ ಇಲ್ಲ. ಆದರೂ ಹರಿಹರದಲ್ಲಿರುವ ದೂರದ ಸಂಬಂಧಿಯೊಬ್ಬರು ಆ ಪಾತ್ರ ತಾವೇ ಎಂದು ತೀರ್ಮಾನಿಸಿ ಎರಡು ವರ್ಷ ನನ್ನೊಡನೆ ಮಾತು ಬಿಟ್ಟಿದ್ದರು. ಅವರು ಜಿಪುಣರೆಂಬುದು ನನಗೆ ತಿಳಿದದ್ದು ಅವರು ಮಾತು ಬಿಟ್ಟ ಮೇಲೆಯೇ.

ಇವೆಲ್ಲ ನಕ್ಕು ಮರೆಯುವ ಸಂಗತಿಗಳು. ಈ ಪ್ರಶ್ನೆ ನನ್ನನ್ನು ನಿಜಕ್ಕೂ ಸಿಕ್ಕಿಸಿದ್ದು ಒಂದು ಸಲ ಮಾತ್ರ, ಅದೂ ಒಂದು ಸಣ್ಣ ಕಥೆಯ ಕಾರಣಕ್ಕೆ. ಕಥೆ ಇಷ್ಟೇ: ನಮ್ಮೂರಿನ ಮಂಡಕ್ಕಿ ಭಟ್ಟಿಯೊಂದರಲ್ಲಿ ದುಡಿಯುವ ಹೆಂಗಸಿಗೆ, ಲಾರಿಯಲ್ಲಿ ಕ್ಲೀನರಾಗಿದ್ದ ಗಂಡ ಚಿತ್ರದುರ್ಗದ ಹತ್ತಿರ ಹೆದ್ದಾರಿಯಲ್ಲಿ ತೀರಿಕೊಂಡನೆಂಬ ಸುದ್ದಿ ಕೆಲಸದ ನಡುವೆಯೇ ಬರುತ್ತದೆ. ಅವಳು ಕೈ ತೊಳೆದುಕೊಂಡು ಮಾಲೀಕನ ಮುಂದೆ ಹೋಗಿ ನಿಲ್ಲುತ್ತಾಳೆ, ಅಂದಿನ ಕೂಲಿಯನ್ನು ಇಸಿದುಕೊಳ್ಳುತ್ತಾಳೆ, ಎರಡು ಸಲ ಎಣಿಸಿ ಸೆರಗಿನ ತುದಿಗೆ ಗಂಟು ಹಾಕುತ್ತಾಳೆ, ಆಮೇಲೆ ಹೊರಗೆ ಬಂದು ಅಳುತ್ತಾಳೆ.

ಊರಿನ ಒಂದು ಸಣ್ಣ ಸಭಾಂಗಣದಲ್ಲಿ ಇದನ್ನು ಓದಿದೆ. ಓದು ಮುಗಿದ ಮೇಲೆ ಸಂಘಟಕರು, ಕಥೆಯ ಮೇಲಿನ ಗೌರವದಿಂದಲೋ ಊರಿನ ರೂಢಿಯಿಂದಲೋ, ಎಲ್ಲರಿಗೂ ಕಾಗದದ ತಟ್ಟೆಯಲ್ಲಿ ಮಂಡಕ್ಕಿಯನ್ನೂ ಮೆಣಸಿನಕಾಯಿ ಬಜ್ಜಿಯನ್ನೂ ಹಂಚಿದರು. ನಾನು ತಟ್ಟೆ ಹಿಡಿದು ಮೂಲೆಯಲ್ಲಿ ನಿಂತಿದ್ದಾಗ ಬಿಳಿ ಅಂಗಿಯ, ಎಪ್ಪತ್ತು ದಾಟಿದ ಹಿರಿಯರೊಬ್ಬರು ಬಂದು ನನ್ನ ಕೈಗೆ ಒಂದು ಲಕೋಟೆ ಕೊಟ್ಟರು. ಮದುವೆಯಲ್ಲಿ ಮುಯ್ಯಿ ಮಾಡುವ ಲಕೋಟೆ: ಮೇಲೆ ಬಂಗಾರದ ಬಣ್ಣದ ಗಣಪತಿ, ಮೂಲೆಯಲ್ಲಿ ಅಂಟಿಸಿದ ಒಂದು ರೂಪಾಯಿ ನಾಣ್ಯ. ಆ ಹೊತ್ತಿನಲ್ಲಿ ಅವರ ಚೀಲದಲ್ಲಿ ಇದ್ದದ್ದು ಅದೊಂದೇ ಇರಬೇಕು.

‘ಆ ಹೆಣ್ಮಗಳಿಗೆ ತಲುಪಿಸ್ರಿ. ನನ್ನ ಹೆಸರು ಹೇಳಬ್ಯಾಡ್ರಿ’ ಎಂದರು.

‘ಸರ್, ಅಂಥಾಕಿ ಯಾರೂ ಇಲ್ಲ.’

ಅವರ ಮುಖ ಇಳಿದುಹೋಯಿತು. ‘ಅಯ್ಯೋ. ಆಕೀನೂ ಹೋದ್ಲಾ?’

ನಾನು ಇಲ್ಲವೆಂದೆ, ಅವಳು ಸತ್ತಿಲ್ಲ, ಹುಟ್ಟಿಯೂ ಇಲ್ಲ, ನಾನು ಕಲ್ಪಿಸಿಕೊಂಡವಳು ಎಂದೆ. ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಸಿಟ್ಟು ಬಂದಿರಲಿಲ್ಲ, ಲೆಕ್ಕ ತಾಳೆಯಾಗದ ಗುಮಾಸ್ತನ ಗೊಂದಲ ಅವರ ಮುಖದಲ್ಲಿತ್ತು.

‘ಮತ್ತ ನಾನು ಅತ್ತದ್ದು ಯಾರಿಗ್ರಿ?’

ಉತ್ತರಕ್ಕೆ ಕಾಯದೆ ಲಕೋಟೆಯನ್ನು ನನ್ನ ಕೈಯಿಂದ ಮೆಲ್ಲಗೆ ಹಿಂತೆಗೆದುಕೊಂಡು ಜೇಬಿನಲ್ಲಿಟ್ಟುಕೊಂಡರು. ಬಾಗಿಲ ತನಕ ಹೋದವರು ತಿರುಗಿ ನೋಡಿದರು, ನಾನೇನಾದರೂ ಮನಸ್ಸು ಬದಲಿಸಿ ಅವಳು ಇದ್ದಾಳೆಂದು ಹೇಳುವೆನೋ ಎಂಬಂತೆ.

ಅಂದು ರಾತ್ರಿಯೆಲ್ಲ ನಾನು ಮನಸ್ಸಿನಲ್ಲೇ ಅವರೊಡನೆ ಜಗಳವಾಡಿದೆ. ಚಿತ್ರದುರ್ಗದ ಕೋಟೆಗೆ ಹೋದವರೆಲ್ಲ ಓಬವ್ವನ ಕಿಂಡಿಯ ಮುಂದೆ ನಿಲ್ಲುತ್ತಾರೆ. ಕಾವಲಿನ ಗಂಡ ಊಟಕ್ಕೆ ಕುಳಿತಿದ್ದ, ಅವನಿಗೆ ನೀರು ತರಲು ಹೋದ ಹೆಂಡತಿ ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ನುಸುಳುತ್ತಿರುವುದನ್ನು ಕಂಡಳು, ಉಣ್ಣುವವನನ್ನು ಎಬ್ಬಿಸುವುದು ಬೇಡವೆಂದು ಒನಕೆಯನ್ನು ತಾನೇ ಎತ್ತಿಕೊಂಡಳು ಎಂದು ಅಲ್ಲಿ ಹೇಳುತ್ತಾರೆ. ಕೋಟೆ ಕೊನೆಗೂ 1779ರಲ್ಲಿ ಹೈದರನ ಕೈ ಸೇರಿತು, ಅದು ಚರಿತ್ರೆ. ಆದರೆ ಕೇಳಿದವರ ಎದೆಯಲ್ಲಿ ಉಳಿಯುವುದು ಆ ತುತ್ತಿನ ಸಂಗತಿ, ಗಂಡನ ಊಟ ಕೆಡಬಾರದೆಂದುಕೊಂಡ ಆ ಒಂದು ಗಳಿಗೆ. ಅವಳ ಮನಸ್ಸಿನಲ್ಲಿ ಹಾಗೆಂದುಕೊಂಡದ್ದನ್ನು ಕಂಡವರು ಯಾರು? ಯಾವ ಪ್ರವಾಸಿಯೂ ಅಲ್ಲಿ ಗೈಡನ್ನು ತಡೆದು ‘ಇದು ನಿಜವಾಗಿ ನಡೆದದ್ದಾ’ ಎಂದು ಕೇಳುವುದಿಲ್ಲ. ಕೇಳಿದರೆ ಬೆಟ್ಟ ಇಳಿಯುವುದು ಕಷ್ಟವಾದೀತು. ನನ್ನನ್ನು ಮಾತ್ರ ಕೇಳುತ್ತಾರೆ, ಏಕೆಂದರೆ ನಾನು ಬೆಟ್ಟದ ಮೇಲಿಲ್ಲ, ಬಜ್ಜಿ ತಿನ್ನುತ್ತ ಕೈಗೆ ಸಿಗುವ ಹಾಗೆ ನಿಂತಿದ್ದೇನೆ.

ಬೆಳಗಿನ ಹೊತ್ತಿಗೆ ಈ ವಾದವೂ ಸಪ್ಪೆಯಾಯಿತು. ಯಾಕೆಂದರೆ ಆ ಹಿರಿಯರಿಗೆ ನಾನು ಹೇಳಿದ್ದು ಪೂರ್ತಿ ನಿಜವಾಗಿರಲಿಲ್ಲ. ಹಾಗೆ ಎಣಿಸಿದವರು ಒಬ್ಬರು ಇದ್ದರು, ಮತ್ತು ಲಕೋಟೆಯನ್ನು ಒಂದು ನಿಮಿಷ ಕೈಯಲ್ಲಿ ಹಿಡಿದಿದ್ದವನೂ ಅವನೇ.

2011ರಲ್ಲಿ ನನ್ನ ತಂದೆ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡರು. ಅಲ್ಲಿನ ಕ್ಯಾಂಟೀನಿನಲ್ಲಿ ಬಿಸಿನೀರಿಗೆಂದು ಫ್ಲಾಸ್ಕ್ ತೆಗೆದುಕೊಂಡರೆ 50 ರೂಪಾಯಿ ಠೇವಣಿ ಇಡಬೇಕಿತ್ತು, ಫ್ಲಾಸ್ಕ್ ಹಿಂತಿರುಗಿಸಿದಾಗ ಅದನ್ನು ವಾಪಸು ಕೊಡುತ್ತಿದ್ದರು. ಮಧ್ಯಾಹ್ನ ವೈದ್ಯರು ಬಂದು ನನ್ನ ಭುಜ ಮುಟ್ಟಿ ಹೇಳಬೇಕಾದದ್ದನ್ನು ಹೇಳಿ ಹೋದರು. ನಾನು ಮಂಚದ ಕೆಳಗಿನ ಫ್ಲಾಸ್ಕನ್ನು ಎತ್ತಿಕೊಂಡು ಎರಡು ಮಹಡಿ ಇಳಿದು, ನಾಲ್ಕು ಜನರ ಸರದಿಯ ಹಿಂದೆ ನಿಂತು, ಅದನ್ನು ಕೊಟ್ಟು, ಹತ್ತರ ಐದು ನೋಟು ಪಡೆದೆ. ಎಣಿಸಿದೆ. ಚಿತ್ರದುರ್ಗದಲ್ಲಿದ್ದ ಅಕ್ಕನಿಗೆ ಫೋನ್ ಮಾಡಿದ್ದು ಅದಾದ ಮೇಲೆ. ನಾನು ಕೈತುಂಬ ಸಂಬಳ ಬರುತ್ತಿದ್ದ ನೌಕರ. ಆ ಐವತ್ತು ರೂಪಾಯಿ ಇಲ್ಲದಿದ್ದರೆ ನನಗೆ ಏನೂ ಆಗುತ್ತಿರಲಿಲ್ಲ. ಯಾಕೆ ಹೋದೆನೆಂದು ಇಂದಿಗೂ ನಾನು ಯಾರಿಗೂ ವಿವರಿಸಲಾರೆ. ಅಕ್ಕ ಇದನ್ನು ಓದಿದರೆ ಅವಳಿಗೂ ವಿವರಿಸಲಾರೆ.

ಬರೆಯಲು ಮೊದಲು ಪ್ರಯತ್ನಿಸಿದ್ದು ಇದನ್ನೇ, ನಡೆದದ್ದು ನಡೆದ ಹಾಗೆ, ‘ನಾನು’ ಎಂದೇ. ಮೂರು ಸಲ ಬರೆದೆ, ಮೂರು ಸಲವೂ ಕೆಟ್ಟಿತು. ಪ್ರತಿ ವಾಕ್ಯವೂ ಓದುಗರ ಮುಂದೆ ಕೈ ಮುಗಿದು ನಿಲ್ಲುತ್ತಿತ್ತು. ಒಂಬತ್ತು ದಿನದ ನಿದ್ದೆಗೇಡಿನ ವರ್ಣನೆ ಬಂತು, ಆಸ್ಪತ್ರೆಯ ಬಿಲ್ಲಿನ ಮೊತ್ತ ಬಂತು, ತಂದೆಯವರೇ ಕಲಿಸಿದ ಮಿತವ್ಯಯದ ಕುರಿತು ಒಂದು ಇಡೀ ಪುಟ ಬಂತು. ಎಲ್ಲವೂ ನಿಜ, ಎಲ್ಲವೂ ವಕೀಲಿಕೆ. ನಡೆದದ್ದನ್ನೇ ಬರೆದರೆ ಸತ್ಯ ಬರುತ್ತದೆಂದು ನಂಬುವವರು ತಮ್ಮ ನಾಚಿಕೆಗೇಡಿನ ಒಂದು ಘಟನೆಯನ್ನು ಹತ್ತು ಸಾಲು ಬರೆದು ನೋಡಲಿ.

ವಾಲ್ಮೀಕಿಯ ಶೋಕ ಶ್ಲೋಕವಾಯಿತೆಂಬ ಮಾತು ಎಲ್ಲರಿಗೂ ಗೊತ್ತು. ಬೇಡನ ಬಾಣಕ್ಕೆ ಗಂಡು ಕ್ರೌಂಚ ಬಿದ್ದು ಹೆಣ್ಣು ಗೋಳಿಟ್ಟಾಗ ಮುನಿಯ ಬಾಯಿಂದ ಶಾಪ ಹೊರಟಿತು. ಸುಮಾರು ಸಾವಿರ ವರ್ಷಗಳ ಹಿಂದೆ ಕಾಶ್ಮೀರದ ಕಾವ್ಯಮೀಮಾಂಸಕ ಅಭಿನವಗುಪ್ತ ಈ ಪ್ರಸಂಗಕ್ಕೆ ಒಂದು ತಕರಾರು ಸೇರಿಸಿದ: ಆ ಶೋಕ ಮುನಿಯ ಸ್ವಂತದ್ದೆಂದು ತಿಳಿಯಬೇಡಿ, ಸ್ವಂತದ್ದಾಗಿದ್ದರೆ ಆ ದುಃಖದಲ್ಲಿ ಅವನೇ ಬೇಯುತ್ತಿದ್ದ, ರಸಕ್ಕೆ, ಅಂದರೆ ಕಾವ್ಯದ ಸವಿಗೆ, ಅಲ್ಲಿ ಎಡೆಯೇ ಇರುತ್ತಿರಲಿಲ್ಲ. ಕಾಲೇಜಿನಲ್ಲಿ ಇದನ್ನು ಅಂಕಕ್ಕಾಗಿ ಬಾಯಿಪಾಠ ಮಾಡಿದ್ದೆ. ಅರ್ಥವಾದದ್ದು ಮೂರನೆಯ ಕರಡನ್ನು ಹರಿದುಹಾಕಿದ ದಿನ. ಆದರೆ ರಾಮಾಯಣದ ಆ ಸರ್ಗವನ್ನು ತೆಗೆದು ಮತ್ತೆ ಓದಿದಾಗ ನನ್ನ ಕಣ್ಣು ನಿಂತದ್ದು ಮುಂದಿನ ಸಂಗತಿಯ ಮೇಲೆ. ಶಾಪ ಹೊರಟ ಕೂಡಲೇ ಮುನಿ ಶಿಷ್ಯ ಭರದ್ವಾಜನ ಕಡೆ ತಿರುಗಿ, ನಾನು ಆಡಿದ್ದು ಪಾದಗಳಲ್ಲಿ ಬಂಧಗೊಂಡಿದೆ, ಅಕ್ಷರಗಳು ಸಮವಾಗಿವೆ, ತಂತಿಗೂ ಲಯಕ್ಕೂ ಹೊಂದುತ್ತದೆ ಎನ್ನುತ್ತಾನೆ. ನಾಲ್ಕು ಪಾದ, ಪಾದಕ್ಕೆ 8 ಅಕ್ಷರ, ಒಟ್ಟು 32. ಹಕ್ಕಿ ಇನ್ನೂ ನೆಲದ ಮೇಲಿದೆ, ಮುನಿ ಎಣಿಸಿ ಮುಗಿಸಿದ್ದಾನೆ. ಇದನ್ನು ಓದಿದ ರಾತ್ರಿ ನನಗೆ ಚೆನ್ನಾಗಿ ನಿದ್ದೆ ಬಂತು ಎಂದು ಒಪ್ಪಿಕೊಳ್ಳುತ್ತೇನೆ.

ನನ್ನ ಎಣಿಕೆಯನ್ನು ಇನ್ನೊಬ್ಬರ ಕೈಗೆ ಕೊಡಬೇಕೆಂದು ತೋಚಿದ್ದು ಹೀಗೆ. ಎಣಿಸುವುದಕ್ಕೆ ಕಾರಣವಿರುವ ಕೈಯೊಂದು ಬೇಕಿತ್ತು. ಮಂಡಕ್ಕಿ ಭಟ್ಟಿ ಲೇಔಟಿನ ಕಡೆ ಹೋಗಿ ಹಲವು ನಸುಕುಗಳನ್ನು ಅಲ್ಲಿ ಕಳೆದೆ. ಭತ್ತವನ್ನು ನೆನೆಹಾಕಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿಸಿ, ಆ ಅಕ್ಕಿಗೆ ಉಪ್ಪುನೀರು ಹಿಡಿಸಿ, ಹದವಾಗಿ ಬಿಸಿ ಮಾಡಿ, ಕೊನೆಗೆ ಕಾದ ಮರಳಿಗೆ ಸುರಿಯುತ್ತಾರೆ. ಕಾಳಿನೊಳಗೆ ಉಳಿದ ತೇವ ಒಮ್ಮೆಲೇ ಆವಿಯಾಗಿ ಕಾಳು ಅರಳುತ್ತದೆ. ಮರಳು ಸಾಲದಷ್ಟು ಕಾದಿದ್ದರೆ ಗಟ್ಟಿಯಾಗಿಯೇ ಉಳಿಯುತ್ತದೆ, ಒಂದು ಕ್ಷಣ ತಡವಾದರೆ ಕರಿಕಾಗುತ್ತದೆ. ಕೂಡಲೇ ಜರಡಿಗೆ ಹಾಕಿ ಮರಳನ್ನು ಇಳಿಸಬೇಕು. ಇದನ್ನು ಕಥೆ ಬರೆಯುವುದಕ್ಕೆ ಹೋಲಿಸಿಬಿಡುವ ಚಪಲ ನನಗೂ ಹುಟ್ಟಿತ್ತು. ಒಲೆಯ ಮುಂದೆ ಹತ್ತು ನಿಮಿಷ ನಿಂತ ಮೇಲೆ ಅದು ತಾನಾಗಿಯೇ ಹೋಯಿತು. ಆ ಹೊಗೆ, ಆ ಶಾಖ, ರೆಪ್ಪೆಗೆ ಮೆತ್ತಿಕೊಂಡ ಬೂದಿ ಎಲ್ಲವನ್ನೂ ಕಥೆಯಲ್ಲಿ ಕಂಡ ಹಾಗೇ ಬರೆದಿದ್ದೇನೆ. ತಮಾಷೆಯೆಂದರೆ ಓದುಗರು ‘ವರ್ಣನೆ ಸ್ವಲ್ಪ ಅತಿಯಾಯಿತು’ ಎನ್ನುವುದು ಈ ಭಾಗಕ್ಕೇ, ‘ಇದು ಮಾತ್ರ ಕಣ್ಣಾರೆ ಕಂಡದ್ದೇ ಇರಬೇಕು’ ಎನ್ನುವುದು ಆ ಗಂಡನ ಸಾವಿಗೆ.

ಒಟ್ಟಿನಲ್ಲಿ ಉತ್ತರ ಹೀಗಿದೆ: ಭಟ್ಟಿ ಇದೆ, ಹೆಂಗಸು ಇಲ್ಲ, ಸಾವು ಬೇರೆಯದು, ಎಣಿಸಿದ್ದು ನಾನು. ಇದರಲ್ಲಿ ಎಷ್ಟು ನಡೆದದ್ದು, ಎಷ್ಟು ನಡೆಯದ್ದು ಎಂಬುದನ್ನು ಬೇಕಾದವರು ಲೆಕ್ಕ ಹಾಕಿಕೊಳ್ಳಲಿ.

ನನ್ನನ್ನು ಯಾರೂ ಕೇಳದ, ಕೇಳಿದ್ದರೆ ಅಂಜುತ್ತಲೇ ಆದರೂ ಉತ್ತರಿಸುತ್ತಿದ್ದ ಪ್ರಶ್ನೆ ಬೇರೆ ಇದೆ. ನಿನ್ನ ಸಣ್ಣತನವನ್ನು ಒಬ್ಬ ಕೂಲಿ ಹೆಂಗಸಿನ ಸೆರಗಿಗೆ ಗಂಟು ಹಾಕಲು ನಿನಗೆ ಹಕ್ಕು ಕೊಟ್ಟವರು ಯಾರು? ಕಥೆಯನ್ನು ಮೆಚ್ಚಿ ಮಾತನಾಡಿದ ಒಬ್ಬರು ಅದರಲ್ಲಿ ‘ದುಃಖಿಸುವುದಕ್ಕೂ ಬಿಡುವು ಕೊಡದ ಬಡತನ’ ಇದೆ ಎಂದರು. ಸಭೆ ಚಪ್ಪಾಳೆ ತಟ್ಟಿತು, ನಾನೂ ವಿನಯದಿಂದ ತಲೆ ಬಾಗಿಸಿದೆ. ನನ್ನ ಬಳಿ ಬಿಡುವಿತ್ತು, ದುಡ್ಡಿತ್ತು, ಆದರೂ ನಾನು ಎಣಿಸಿದ್ದೆ. ನಾನು ಕಾರಣವಿಲ್ಲದೆ ಮಾಡಿದ್ದಕ್ಕೆ ಅವಳ ಬಡತನವನ್ನು ಕಾರಣವಾಗಿ ಒದಗಿಸಿ ಚಪ್ಪಾಳೆ ಪಡೆದಿದ್ದೆ. ಕೆಲವು ಸಲ ಅನ್ನಿಸುತ್ತದೆ, ಬರೆಯುವವರೆಲ್ಲ ಮಾಡುವುದು ಇದನ್ನೇ, ಇದರಲ್ಲಿ ತಪ್ಪಿಲ್ಲ ಎಂದು. ಆ ಹಿರಿಯರ ಲಕೋಟೆ ನೆನಪಾದಾಗ ಹಾಗನ್ನಿಸುವುದಿಲ್ಲ.

ಇದು ಕೊರೆಯುತ್ತಿದ್ದುದರಿಂದ, ಕಥೆ ಅಚ್ಚಾದ ಕೆಲವು ತಿಂಗಳ ಮೇಲೆ, ನಾನು ಮೊದಲು ಹೋಗಿ ನಿಲ್ಲುತ್ತಿದ್ದ ಭಟ್ಟಿಗೇ ಮತ್ತೊಮ್ಮೆ ಹೋದೆ. ಅಲ್ಲಿ ಜರಡಿ ಹಿಡಿಯುವ ಹಿರಿಯ ಹೆಂಗಸೊಬ್ಬರಿಗೆ ನನ್ನ ಮುಖದ ಪರಿಚಯವಿತ್ತು. ಪತ್ರಿಕೆಯನ್ನು ತೋರಿಸಿದೆ, ಅವರು ಚಿತ್ರವಿದೆಯೇ ಎಂದು ನೋಡಿ ಹಿಂದಕ್ಕೆ ಕೊಟ್ಟರು. ಆಮೇಲೆ ನಾನೇ ಕಥೆಯನ್ನು ಬಾಯಲ್ಲಿ ಹೇಳಿದೆ. ಗಂಡ ಸತ್ತ ಸುದ್ದಿ ಬಂತೆಂದಾಗ ಚ್ಚು ಚ್ಚು ಎಂದರು. ಕೂಲಿ ಇಸಿದುಕೊಂಡಳು, ಎರಡು ಸಲ ಎಣಿಸಿದಳು ಎಂದಾಗ ಸುಮ್ಮನೆ ತಲೆಯಾಡಿಸಿದರು. ಹೊರಗೆ ಬಂದು ಅತ್ತಳು ಎಂದೆ. ಅವರು ಇನ್ನೂ ಕಾಯುತ್ತಿದ್ದರು.

‘ಮುಂದ?’

‘ಮುಂದ ಇಲ್ಲಮ್ಮ, ಅಷ್ಟೇ.’

‘ಎಣಿಸ್ಕೊಳ್ಳದ ಹೋದ್ರ, ಕಡಿಮಿ ಬಿದ್ದದ್ದನ್ನ ನಾಳೆ ಯಾರು ಕೊಡ್ತಾರ?’ ಎಂದರು. ‘ಎಲ್ಲಾರೂ ಎಣಿಸ್ಕೊಂಡೇ ಹೋಗ್ತೀವಿ. ಇದ್ರಾಗ ಕಥಿ ಏನೈತ್ರಿ?’

ಒಲೆಯ ಹತ್ತಿರದಿಂದ ಯಾರೋ ಕೂಗಿದರು. ಅವರು ಒಂದು ಹಿಡಿ ಬಿಸಿ ಮಂಡಕ್ಕಿಯನ್ನು ನನ್ನ ಪತ್ರಿಕೆಯ ಮೇಲೆ ಸುರಿದು, ಜರಡಿ ಎತ್ತಿಕೊಂಡು ಒಳಗೆ ಹೋದರು.