ಮಾಸ್ಕ್ ಮೊದಲಾ, ಕಾಲು ಮೊದಲಾ?

ಸಾಗರ
ಭಾನುವಾರ, 9 ನವೆಂಬರ್ 2025

ನಿನ್ನೆ ರಾತ್ರಿ ಮಾಸ್ಕ್ ಹಾಕಿಕೊಂಡು ಮಲಗಿದ್ದು 5 ಗಂಟೆ 40 ನಿಮಿಷ. ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲೇ ಸಿಪ್ಯಾಪ್ ಮಿಷನ್ನಿನ, ಅಂದರೆ ನಿದ್ದೆಯಲ್ಲಿ ಉಸಿರು ನಿಲ್ಲದ ಹಾಗೆ ಮಾಸ್ಕಿನ ಮೂಲಕ ಗಾಳಿ ಒತ್ತುವ ಯಂತ್ರದ, ಪರದೆ ನೋಡಿದೆ. ಆಗಸ್ಟ್‌ನಲ್ಲಿ ಇದೇ ಪರದೆ 1 ಗಂಟೆ 10 ನಿಮಿಷ, 50 ನಿಮಿಷ ಅಂತ ತೋರಿಸುತ್ತಿತ್ತು. ಅಡುಗೆಮನೆಗೆ ಹೋಗಿ ಇವರಿಗೆ ಹೇಳಿದೆ. ಹಾಲು ಕಾಯಿಸುತ್ತಿದ್ದವರು ಸೌಟು ಕೆಳಗಿಟ್ಟು "ಹೌದಾ!" ಅಂದರು. ಅಷ್ಟೇ ಅಂದದ್ದು. ಅವರ ಮುಖ ನೋಡಿ ನನಗೆ ಕಣ್ಣು ತುಂಬಿ ಬಂತು.

ಇದನ್ನೆಲ್ಲ ಬರೆದಿಡಬೇಕು ಅಂತ ಬಹಳ ದಿನದಿಂದ ಅಂದುಕೊಳ್ಳುತ್ತಿದ್ದೆ. ನಡುರಾತ್ರಿ ಮಾಸ್ಕ್ ಕಿತ್ತಿಟ್ಟು, ಇದು ನನ್ನ ಕೈಲಾಗುವುದಲ್ಲ ಅಂತ ಅಳುತ್ತಾ ಕೂತವರು ನನ್ನ ಹಾಗೆ ಇನ್ನೂ ಯಾರಾದರೂ ಇರಬಹುದು, ಅಲ್ವಾ.

ಜೂನ್‌ನಲ್ಲಿ ಪರೀಕ್ಷೆ ಆಯಿತು. ಸಣ್ಣ ಉಪಕರಣ ಮನೆಗೇ ಕೊಟ್ಟು ಕಳಿಸಿದ್ದರು. ಮೂಗಿಗೆ ನಳಿಗೆ, ಎದೆಗೆ ಪಟ್ಟಿ, ಬೆರಳಿಗೆ ಕ್ಲಿಪ್. ನಿದ್ದೆಯಲ್ಲಿ ಗಂಟೆಗೆ 34 ಸಲ ಉಸಿರು ನಿಲ್ಲುವುದೋ ತೀರಾ ಕಡಿಮೆಯಾಗುವುದೋ ಆಗುತ್ತಿದೆ ಅಂತ ವರದಿ ಬಂತು. 30 ದಾಟಿದರೆ ತೀವ್ರ ಅಂತ ಲೆಕ್ಕ. ಕಾಲಿಗೆ ಮಾತ್ರ ಅವರು ಏನೂ ಕಟ್ಟಿರಲಿಲ್ಲ. ಹಾಗಾಗಿ ರಾತ್ರಿಯಿಡೀ ನನ್ನ ಕಾಲು ಏನು ಮಾಡುತ್ತದೆ ಅನ್ನುವುದು ಆ ವರದಿಯಲ್ಲಿ ಬರಲೇ ಇಲ್ಲ. ನಾನೂ ಹೇಳಲಿಲ್ಲ. ಉಸಿರಿನ ಡಾಕ್ಟರ ಹತ್ತಿರ ಕಾಲಿನ ಮಾತು ಯಾಕೆ ಅಂದುಕೊಂಡೆ.

ನನ್ನ ಕಾಲಿನ ಕಥೆ ಹಳೆಯದು. ಮೂವತ್ತು ದಾಟಿದಾಗಿನಿಂದ ಇದೆ. ಸಂಜೆ ಕೂತರೆ ಮೀನಖಂಡದ ಒಳಗೆ ಏನೋ ಹರಿದಾಡಿದ ಹಾಗೆ. ನೋವಲ್ಲ, ತುರಿಕೆಯೂ ಅಲ್ಲ. ಕಾಲು ಅಲ್ಲಾಡಿಸದೆ ಇರಲಾಗುವುದಿಲ್ಲ. ಎದ್ದು ನಾಲ್ಕು ಹೆಜ್ಜೆ ಹಾಕಿದರೆ ಹೋಗುತ್ತದೆ, ಮಲಗಿದರೆ ಮತ್ತೆ ಬರುತ್ತದೆ. ರೆಸ್ಟ್‌ಲೆಸ್ ಲೆಗ್ಸ್ ಅಂದರೆ ಇದೇ. ಇದಕ್ಕೆ ಸ್ಕ್ಯಾನ್ ಗೀನ್ ಬೇಡ, ಈ ನಾಲ್ಕು ಮಾತು ಕೇಳಿಯೇ ವೈದ್ಯರು ಗುರುತು ಹಿಡಿಯುತ್ತಾರೆ. ಸುಸ್ತು, ಟೆನ್ಶನ್, ಮನಸ್ಸಿನ ಭ್ರಮೆ ಅಂತ ಎಷ್ಟು ಜನ ಹೇಳಿದರೋ ನನಗೆ. 1672ರಲ್ಲೇ ಥಾಮಸ್ ವಿಲ್ಲಿಸ್ ಎಂಬ ಇಂಗ್ಲೆಂಡಿನ ವೈದ್ಯರು ಇಂಥ ಕಾಲುಗಳ ಬಗ್ಗೆ ಬರೆದಿಟ್ಟಿದ್ದಾರೆ ಅಂತ ಮಗಳು ಓದಿ ಹೇಳಿದ ದಿನ ಎಷ್ಟು ಸಮಾಧಾನ ಆಯಿತು ಅಂತ ಹೇಳಲಾರೆ.

ಜುಲೈನಲ್ಲಿ ಮಿಷನ್ ಬಂತು. ನಮ್ಮೂರ ಮಳೆಗಾಲ ಗೊತ್ತಲ್ಲ, ಗೋಡೆಯೂ ಬೆವರುತ್ತದೆ. ಮಿಷನ್ನಿನ ಬಿಸಿ ತೇವದ ಗಾಳಿ ತಣ್ಣಗಿನ ಪೈಪಿನಲ್ಲಿ ನೀರಾಗಿ, ರಾತ್ರಿ ಎರಡಕ್ಕೆ ಗುಳುಗುಳು ಅಂತ ಮೂಗಿಗೇ ಬರುತ್ತಿತ್ತು. ಮಾಸ್ಕ್ ಸೋರುತ್ತದೆ ಅಂತ ಪಟ್ಟಿ ಬಿಗಿ ಮಾಡಿದೆ. ಬಿಗಿ ಮಾಡಿದಷ್ಟೂ ಸೋರಿಕೆ ಜಾಸ್ತಿಯಾಯಿತು, ಮೂಗಿನ ಮೇಲೆ ಕೆಂಪು ಗುರುತು ಬೇರೆ. ಮೂಗು ಕಟ್ಟಿತು. ಮೆಡಿಕಲ್ ಶಾಪಿನಲ್ಲಿ ಕೇಳಿ ನೆಗಡಿ ಮಾತ್ರೆ ತಂದೆ. ನಿದ್ದೆಯೂ ಬರಲಿ ಅಂತ ದಿನಾ ರಾತ್ರಿ ಒಂದು ನುಂಗಿದೆ. ಮೂರು ವಾರ.

ಆ ಮೂರು ವಾರ ಕಾಲು ನನ್ನನ್ನು ಮಲಗಲು ಬಿಡಲಿಲ್ಲ. ಮುಖಕ್ಕೆ ಮಾಸ್ಕ್, ತಲೆಗೆ ಪಟ್ಟಿ, ಪಕ್ಕದಲ್ಲಿ ಪೈಪು. ಕಾಲು ಮಾತ್ರ ಏಳು, ನಡಿ ಅನ್ನುತ್ತದೆ. ಕಟ್ಟಿಹಾಕಿದ ದನದ ಹಾಗೆ ಒದ್ದಾಡುತ್ತಿದ್ದೆ. ತಡೆಯಲಾಗದೆ ಎಲ್ಲ ಕಿತ್ತು ಹಾಕಿ, ಹಜಾರದಲ್ಲಿ ಓಡಾಡಿ, ಮತ್ತೆ ಹಾಕಿಕೊಳ್ಳುವ ಧೈರ್ಯ ಇಲ್ಲದೆ ಹಾಗೇ ಮಲಗುತ್ತಿದ್ದೆ. ಎಲ್ಲರಿಗೂ ಹೇಳಿದ್ದು ಒಂದೇ ಮಾತು: ನನಗೆ ಮಾಸ್ಕ್ ಆಗುವುದಿಲ್ಲ.

ಮಗಳು ಫೋನಿನಲ್ಲಿ "ಅಮ್ಮಾ, ಏನಾಗುತ್ತೆ ಅಂತ ಸುಮ್ನೆ ಬರಿ. ಎಷ್ಟು ಹೊತ್ತಿಗೆ ತೆಗೆದೆ, ಯಾಕೆ ತೆಗೆದೆ, ಅಷ್ಟೇ" ಅಂದಳು. ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಹತ್ತು ದಿನ ಬರೆದೆ. 11:20 ಕಾಲು. 12:05 ಕಾಲು. 11:40 ಕಾಲು. 2:15 ಪೈಪಿನಲ್ಲಿ ನೀರು. 11:30 ಕಾಲು.

ಸೆಪ್ಟೆಂಬರ್‌ನಲ್ಲಿ ಶಿವಮೊಗ್ಗಕ್ಕೆ ಹೋಗಿ ಇನ್ನೊಬ್ಬ ಡಾಕ್ಟರಿಗೆ ಅದನ್ನೇ ತೋರಿಸಿದೆ. ಅವರು ಹಾಳೆಯ ಮೇಲೆ ಪೆನ್ನಿನ ತುದಿ ಇಟ್ಟು ಒಂದೊಂದೇ ಸಾಲು ಓದಿದರು. ಆಮೇಲೆ ಕೇಳಿದರು, "ಅಮ್ಮಾ, ಮಾಸ್ಕಿಂದ ಉಸಿರು ಕಟ್ಟಿ ಏಳ್ತೀರಾ, ಇಲ್ಲಾ ಕಾಲು ತಡೆಯೋಕಾಗದೆ ಎದ್ದು ಮಾಸ್ಕ್ ತೆಗೀತೀರಾ?" ಅಷ್ಟು ದಿನದಲ್ಲಿ ಯಾರೂ ಹಾಗೆ ಕೇಳಿರಲಿಲ್ಲ. ನಾನೂ ನನ್ನನ್ನು ಕೇಳಿಕೊಂಡಿರಲಿಲ್ಲ.

ನೆಗಡಿ ಮಾತ್ರೆಯ ಖಾಲಿ ಪಟ್ಟಿ ಕೈಚೀಲದಲ್ಲೇ ಇತ್ತು. ಅದರಲ್ಲಿ ಕ್ಲೋರ್ಫೆನಿರಮೈನ್ ಇದೆ, ಇಂಥ ಮಂಪರು ತರುವ ಅಲರ್ಜಿ ಮಾತ್ರೆಗಳು ಕಾಲಿನ ಚಡಪಡಿಕೆ ಹೆಚ್ಚಿಸುತ್ತವೆ ಅಂದರು. ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್, ಖಿನ್ನತೆಯ ಕೆಲವು ಮಾತ್ರೆಗಳೂ ಹಾಗೇ ಮಾಡಬಹುದಂತೆ. ಆದರೆ ವೈದ್ಯರು ಬರೆದುಕೊಟ್ಟದ್ದನ್ನು ಕೇಳದೆ ನಿಲ್ಲಿಸಬಾರದು. ನೋಡಿ, ಮಿಷನ್ನಿನಿಂದ ಮೂಗು ಕಟ್ಟಿತು, ಮೂಗಿಗೆ ಅಂತ ಮಾತ್ರೆ, ಮಾತ್ರೆಯಿಂದ ಕಾಲು, ಕಾಲಿನಿಂದ ಮಾಸ್ಕ್ ತೆಗೆದದ್ದು. ಸುತ್ತಿ ಸುತ್ತಿ ಅಲ್ಲಿಗೇ ಬಂತು.

ರಕ್ತ ಪರೀಕ್ಷೆಗೆ ಬರೆದರು. ಹಿಮೋಗ್ಲೋಬಿನ್ 12.4, ಚೆನ್ನಾಗಿಯೇ ಇತ್ತು. ಫೆರಿಟಿನ್, ಅಂದರೆ ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ, 22. ಲ್ಯಾಬಿನ ಹಾಳೆಯಲ್ಲಿ ಅದೂ ಸರಿಯಾದ ಮಿತಿಯಲ್ಲೇ ಇತ್ತು. ಆದರೆ ಈ ಕಾಲಿನ ತೊಂದರೆ ಇರುವವರಲ್ಲಿ 75ಕ್ಕಿಂತ ಕಡಿಮೆ ಇದ್ದರೆ ಕಬ್ಬಿಣದ ಮಾತ್ರೆ ಕೊಡುತ್ತಾರಂತೆ. ಹಿಮೋಗ್ಲೋಬಿನ್ ಒಲೆ ಮೇಲಿನ ಅನ್ನ, ಫೆರಿಟಿನ್ ಕಣಜದ ಭತ್ತ ಅಂತ ನಾನು ಅರ್ಥ ಮಾಡಿಕೊಂಡೆ. ಇವತ್ತಿನ ಊಟಕ್ಕೆ ಇದೆ, ಕಣಜ ಮಾತ್ರ ತಳ ಕಂಡಿದೆ. ಈಗ ದಿನ ಬಿಟ್ಟು ದಿನ ಒಂದು ಕಬ್ಬಿಣದ ಮಾತ್ರೆ, ನಿಂಬೆಹಣ್ಣಿನ ನೀರಿನ ಜೊತೆ. ಕಾಫಿ, ಚಹಾದ ಹತ್ತಿರಕ್ಕೂ ಬೇಡ, ಅವು ಕಬ್ಬಿಣ ಹೀರದಂತೆ ತಡೆಯುತ್ತವೆ. ಮೂರು ತಿಂಗಳಾದ ಮೇಲೆ ಮತ್ತೆ ಪರೀಕ್ಷೆ. ಏರದಿದ್ದರೆ ರಕ್ತನಾಳಕ್ಕೇ ಕೊಡುವ ದಾರಿಯೂ ಇದೆ. ಪರೀಕ್ಷೆ ಮಾಡಿಸದೆ ಯಾರೂ ತಾವಾಗಿ ತಿನ್ನಬೇಡಿ, ಮೈಯಲ್ಲಿ ಕಬ್ಬಿಣ ಜಾಸ್ತಿಯಾದರೂ ಕಷ್ಟವೇ.

ನಮ್ಮ ಸಂಬಂಧಿಕರೊಬ್ಬರು ಇದೇ ಕಾಲಿನ ತೊಂದರೆಗೆ ಪ್ರಮಿಪೆಕ್ಸೋಲ್ ಅನ್ನುವ ಮಾತ್ರೆ ತಗೊಂಡು ಒಂದೇ ವಾರದಲ್ಲಿ ಆರಾಮಾದರು, ನನಗೂ ಅದೇ ಬರೆದುಕೊಡಿ ಅಂದೆ. ಡಾಕ್ಟರು ಬರೆಯಲಿಲ್ಲ. ಮೊದಲು ಚೆನ್ನಾಗಿ ಕೆಲಸ ಮಾಡುತ್ತದೆ, ವರ್ಷಗಳು ಕಳೆದ ಹಾಗೆ ರಾತ್ರಿ ಬರುತ್ತಿದ್ದ ತೊಂದರೆ ಮಧ್ಯಾಹ್ನಕ್ಕೇ ಶುರುವಾಗಬಹುದು, ಕೈಗೂ ಹಬ್ಬಬಹುದು ಅಂದರು. ಗ್ಯಾಬಪೆಂಟಿನ್ ಈಗ ಮೊದಲು ಯೋಚಿಸುವ ಔಷಧಿ. ಆದರೆ ಅದು ಉಸಿರನ್ನು ನಿಧಾನ ಮಾಡಬಲ್ಲದು. ಉಸಿರು ನಿಲ್ಲುವ ಕಾಯಿಲೆಗೆ ಮಾಸ್ಕ್ ಹೊಂದಿಕೊಳ್ಳದೆ ಅದನ್ನು ಕೊಡಲು ಅವರಿಗೆ ಮನಸ್ಸಿರಲಿಲ್ಲ. ನನಗೆ ಆಗ ಬೇಸರವಾಯಿತು. ಈಗ ಅವರು ಮಾಡಿದ್ದೇ ಸರಿ ಅನ್ನಿಸುತ್ತದೆ.

ಮಾಸ್ಕಿನ ಕೆಲಸ ಬೇರೆಯೇ ನಡೆಯಿತು. ನೆಗಡಿ ಮಾತ್ರೆ ಬದಲು ಉಪ್ಪುನೀರಿನ ಸ್ಪ್ರೇ. ಮಿಷನ್ ಮೇಜಿನಿಂದ ಇಳಿದು ಮಂಚಕ್ಕಿಂತ ಕೆಳಗಿನ ಸ್ಟೂಲಿಗೆ ಬಂತು, ಪೈಪಿನ ನೀರು ವಾಪಸ್ ಹರಿಯಲಿ ಅಂತ. ಹಳೆ ಸ್ವೆಟರಿನ ತೋಳು ಕತ್ತರಿಸಿ ಪೈಪಿಗೆ ತೊಡಿಸಿದೆ. ಶುರುವಿನ ಗಾಳಿಯ ಒತ್ತಡ 4ರಲ್ಲಿತ್ತು, ಉಸಿರು ಸಾಲದ ಹಾಗೆ ಆಗುತ್ತಿತ್ತು. ಡಾಕ್ಟರು 6 ಮಾಡಿಸಿದರು. ಪಟ್ಟಿಗಳನ್ನು ಈಗ ಕೂತು ಬಿಗಿಯುವುದಿಲ್ಲ. ಮಲಗಿ, ಗಾಳಿ ಹಾಕಿ, ಮಾಸ್ಕನ್ನು ಒಂದು ಸಲ ಮುಖದಿಂದ ಎತ್ತಿ ಮೆತ್ತಗೆ ಕೂರಿಸುತ್ತೇನೆ. ಸಂಜೆ ಟಿವಿ ಮುಂದೆ ಅರ್ಧ ಗಂಟೆ ಸುಮ್ನೆ ಹಾಕಿಕೊಂಡು ಕೂರುವ ಅಭ್ಯಾಸವನ್ನೂ ಮಾಡಿದೆ.

ಎಲ್ಲಕ್ಕಿಂತ ಉಪಕಾರ ಮಾಡಿದ್ದು ಒಂದು ಸಣ್ಣ ಕೊಂಡಿ. ಮೂಗಿನ ಮುಂದೆ ಪೈಪು ಸೇರುವ ಜಾಗದಲ್ಲಿ ಎರಡೂ ಕಡೆ ಒತ್ತಿದರೆ ಟಕ್ ಅಂತ ಪೈಪು ಬಿಟ್ಟುಕೊಳ್ಳುತ್ತದೆ. ಮೂರು ತಿಂಗಳು ಕಣ್ಣೆದುರೇ ಇತ್ತು, ಯಾರೂ ತೋರಿಸಿರಲಿಲ್ಲ. ಈಗ ಕಾಲು ಎಬ್ಬಿಸಿದರೆ ಮಾಸ್ಕ್ ತೆಗೆಯುವುದಿಲ್ಲ. ಪೈಪು ಮಾತ್ರ ಬಿಡಿಸಿ, ಮಾಸ್ಕ್ ಮುಖದಲ್ಲೇ ಇಟ್ಟುಕೊಂಡು ಹಜಾರದಲ್ಲಿ ಹತ್ತು ಸುತ್ತು ಹಾಕುತ್ತೇನೆ. ಗೋಡೆಗೆ ಕೈಕೊಟ್ಟು ಮೀನಖಂಡ ಎಳೆಯುತ್ತೇನೆ. ಬಂದು ಮಲಗಿ ಮತ್ತೆ ಟಕ್. ನಿನ್ನೆ ಹಾಗೆ ಎದ್ದದ್ದು ಒಂದೇ ಸಲ.

ಗೋಡೆ ಹಿಡಿದು ನಿಂತಾಗ ಅಮ್ಮ ನೆನಪಾಗುತ್ತಾಳೆ. ನಾವು ಚಿಕ್ಕವರಿದ್ದಾಗ ರಾತ್ರಿ ಎಚ್ಚರವಾದರೆ ಜಗಲಿಯಲ್ಲಿ ಅವಳ ಬಳೆ ಸದ್ದು ಆ ತುದಿಯಿಂದ ಈ ತುದಿಗೆ ಹೋಗಿ ಬರುತ್ತಿತ್ತು. ಹಳೆ ಸೀರೆಯ ಹರಕು ಕಾಲಿಗೆ ಬಿಗಿಯಾಗಿ ಸುತ್ತಿಕೊಂಡಿರುತ್ತಿದ್ದಳು. ಕೇಳಿದರೆ "ಏನಿಲ್ಲ, ಮಲ್ಕೋ" ಅನ್ನುತ್ತಿದ್ದಳು. ಇದು ಮನೆತನದಲ್ಲಿ ಹರಿದು ಬರುವುದೂ ಉಂಟಂತೆ. ಈಗ ಅವಳಿಗೆ 79. ತಾಳಗುಪ್ಪದಲ್ಲಿ ತಮ್ಮನ ಮನೆಯಲ್ಲಿದ್ದಾಳೆ. ಇವತ್ತು ಮಧ್ಯಾಹ್ನ ಫೋನ್ ಮಾಡಿ, "ಕಾಲು ಈಗಲೂ ಹಾಗೇ ಆಗುತ್ತಾ ಅಮ್ಮ?" ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ನಿಂಗೆ ಯಾರು ಹೇಳಿದ್ರು?" ಅಂದಳು.

ಮಂಗಳವಾರ ಅವಳನ್ನು ರಕ್ತ ಪರೀಕ್ಷೆಗೆ ಕರೆದುಕೊಂಡು ಬರುತ್ತೇನೆ. 8 ಗಂಟೆಗೆ ಆಟೋ ಹೇಳಿದ್ದೇನೆ.